ತೂಗುವ ರಾಗ ನೀಲಾಂಬರಿ

ಕಛೇರಿಗಳಲ್ಲಿ ನೀಲಾಂಬರಿ ಅಪರೂಪ. ಆದರೆ ಜೋಗುಳಗಳಲ್ಲಿ, ತಮಿಳುನಾಡಿನ ದೇವಾಲಯಗಳ ರಾತ್ರಿ ಶಯನಸೇವೆಯ ನಾಗಸ್ವರದಲ್ಲಿ ಅದಕ್ಕೆ ಹಳೆಯ ನೆಲೆಯಿದೆ.

ಕರ್ನಾಟಕ ಸಂಗೀತದಲ್ಲಿ ಇದು 29ನೇ ಮೇಳಕರ್ತ (ಮೂಲರಾಗ) ಧೀರಶಂಕರಾಭರಣದಿಂದ ಹುಟ್ಟಿದ ಜನ್ಯರಾಗ. ಸ್ವರಗಳು ಹೆಚ್ಚುಕಡಿಮೆ ಶಂಕರಾಭರಣದವೇ, ಗುಟ್ಟಿರುವುದು ನಡೆಯಲ್ಲಿ. ಇಳಿಯುವಾಗ ಧೈವತವನ್ನು ಬಿಟ್ಟು 'ಸ ನಿ ಪ ಮ ಗ ರಿ ಗ ಸ' ಎಂದು ಸಾಗುತ್ತದೆ. ರಿಷಭದಿಂದ ನೇರವಾಗಿ ಷಡ್ಜಕ್ಕೆ ಬರದೆ, ಒಮ್ಮೆ ಗಾಂಧಾರದ ಕಡೆ ವಾಲಿ ಆಮೇಲೆ ತಂಗುವ ಈ ಬಳುಕಿನಲ್ಲೇ ತೊಟ್ಟಿಲ ತೂಗಾಟವಿದೆ. ಅದು ಕಿವಿಗೆ ದಕ್ಕಬೇಕಾದರೆ ವಿಳಂಬ ಕಾಲವೇ ಬೇಕು.

ಈ ರಾಗದ ಕೃತಿಗಳಲ್ಲಿ ತ್ಯಾಗರಾಜರ 'ಉಯ್ಯಾಲಲೂಗವಯ್ಯ' ರಾಮನನ್ನು ತೂಗುವ ಹಾಡು. ಮುತ್ತುಸ್ವಾಮಿ ದೀಕ್ಷಿತರ 'ಅಂಬ ನೀಲಾಯತಾಕ್ಷಿ' ನಾಗಪಟ್ಟಣದ ದೇವಿಯ ಸ್ತುತಿ, ಜೋಗುಳವಲ್ಲ. ಆದರೂ ದಣಿದ ಮನಸ್ಸಿಗೆ ಅದರಷ್ಟು ಹಿತವಾದ ಕೃತಿ ಸಿಗುವುದು ಕಷ್ಟ, ವೀಣೆಯಲ್ಲಂತೂ ಇನ್ನೂ ಸೊಗಸು.