ಬಾವಿಗೆ ಬಿಟ್ಟ ಮೀನು

ಮಲೇರಿಯಾ ತರುವ ಸೊಳ್ಳೆ ನೀರಿನ ಗುಣಕ್ಕೆ ತಕ್ಕಂತೆ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಬೇಲೂರಿನ ಪಡುವಣ ಮಲೆನಾಡಿನಲ್ಲಿ ಹರಿಯುವ ತೊರೆಗಳ ಅಂಚಿನಲ್ಲಿ ಬೆಳೆಯುವುದು ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹಳೇಬೀಡು ದಾಟಿ ಅರಸೀಕೆರೆಯ ಬಯಲು ಸೇರಿದರೆ ಆ ಜಾಗ ಅನಾಫಿಲಿಸ್ ಕ್ಯುಲಿಸಿಫೇಸೀಸ್‌ನದು. ಕೊಟ್ಟಿಗೆಯ ದನಗಳ ರಕ್ತವೇ ಇದಕ್ಕೆ ಹೆಚ್ಚು ಇಷ್ಟ. ಆದರೂ ಹಳ್ಳಿಗಾಡಿನ ಚಳಿಜ್ವರದ ಮುಖ್ಯ ವಾಹಕ ಇದೇ.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮನೆಗೋಡೆಗಳಿಗೆ ಡಿಡಿಟಿ ಬಿತ್ತು. ದೇಶದಲ್ಲಿ ವರ್ಷಕ್ಕೆ ಕೋಟಿಗಳಲ್ಲಿದ್ದ ಪ್ರಕರಣಗಳು 1960ರ ದಶಕದಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದವು. ಆದರೆ ಸೊಳ್ಳೆ ಆ ವಿಷಕ್ಕೆ ಒಗ್ಗಿಕೊಂಡಿತು. 1976ರಲ್ಲಿ ಸಂಖ್ಯೆ ಮತ್ತೆ 64 ಲಕ್ಷ ಮುಟ್ಟಿತು. ರೇಷ್ಮೆ ಸಾಕುವ ಊರುಗಳಲ್ಲಿ ಇನ್ನೊಂದು ತೊಡಕಿತ್ತು: ಸೊಳ್ಳೆಗೆ ಹೊಡೆದ ಔಷಧಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ.

ಇದಕ್ಕೆ ದಾರಿ ಕಂಡದ್ದು ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ. ಸಂಶೋಧಕ ಎಸ್.ಕೆ. ಘೋಷ್ ಮತ್ತು ಸಂಗಡಿಗರು ಸೊಳ್ಳೆಮರಿ ತಿನ್ನುವ ಪುಟ್ಟ ಮೀನುಗಳನ್ನು ಬಾವಿಗಳಿಗೆ ಬಿಡಿಸಿದರು. ಅವುಗಳಲ್ಲಿ ಗಪ್ಪಿ ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ. ನಿಂತ ನೀರಿನಲ್ಲೇ ಸಂತತಿ ಬೆಳೆಸುತ್ತದೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳು ಸೋಜಿಗದ್ದು. ಕ್ಯುಲಿಸಿಫೇಸೀಸ್ ಎಂಬುದು ಒಂದೇ ಸೊಳ್ಳೆಯಲ್ಲ, ಕಣ್ಣಿಗೆ ಭೇದ ತೋರದ ಸೋದರ ಪ್ರಭೇದಗಳ ಗುಂಪು. ಅಲ್ಲಿ ರೋಗ ಹರಡುವ ‘ಎ’ ಪ್ರಭೇದದ ನೆಲೆ ಬಾವಿ. ಅಷ್ಟಾಗಿ ಹರಡದ ‘ಬಿ’ಯ ನೆಲೆ ಹಳ್ಳ. ಬಾವಿಗೆ ಬಿದ್ದ ಮೀನು ತಿಂದದ್ದು ನಿಜವಾದ ಶತ್ರುವಿನ ಮರಿಗಳನ್ನೇ. ಹಳ್ಳದ ಸೊಳ್ಳೆ ಹಾರಾಡುತ್ತಿದ್ದರೂ ಜ್ವರ ಇಳಿಯಿತು. ಮೀನು ಬಿಟ್ಟು ಮಲೇರಿಯಾ ತಡೆಯುವ ತಿಳಿವಳಿಕೆಯನ್ನು ಜನರಿಗೆ ಮುಟ್ಟಿಸಲು, ಈ ಅಧ್ಯಯನ ಪ್ರಕಟವಾಗುವ ಮೊದಲೇ, 2001ರ ಡಿಸೆಂಬರ್‌ನಲ್ಲಿ ರಾಜ್ಯದ ಒಂದು ಜಿಲ್ಲೆಯಲ್ಲಿ ಎರಡು ವಾರ ಸಂಜೆ ಹೊತ್ತು ಕಲಾಜಾಥಾಗಳೂ ನಡೆದವು.

ನೋವಿನ ಸಂಗತಿಯೆಂದರೆ, ಮೀನಿಗೆ ಮನೆಯಾಗಬಲ್ಲ ಬಾವಿಗಳೇ ಬಯಲುಸೀಮೆಯಲ್ಲಿ ಬತ್ತಿಹೋದವು. ಅರಸಿಯ ಹೆಸರಿನ ಕೆರೆಯಿಂದಲೇ ಹೆಸರಾದ ಅರಸೀಕೆರೆಯ ಸೀಮೆಯೂ ಈಗ ಕೊಳವೆಬಾವಿಯ ಸೀಮೆ. ನಲ್ಲಿ ಬಂದ ದಿನ ಹಿಡಿದಿಟ್ಟ ನೀರು ಡ್ರಮ್ಮು, ಸಿಮೆಂಟು ತೊಟ್ಟಿಗಳಲ್ಲಿ ನಿಲ್ಲುತ್ತದೆ. ಅಲ್ಲಿ ಹುಟ್ಟುವುದು ಹಗಲು ಕಚ್ಚುವ ಈಡಿಸ್ ಈಜಿಪ್ಟೈ. ಇದಕ್ಕೆ ದನ ಬೇಡ, ಮನುಷ್ಯನ ರಕ್ತವೇ ಬೇಕು. 2006ರಲ್ಲಿ ರಾಜ್ಯದ ಹಳ್ಳಿಹಳ್ಳಿಗಳನ್ನು ಮಲಗಿಸಿದ ಚಿಕುನ್‌ಗುನ್ಯಾಕ್ಕೂ, 2024ರಲ್ಲಿ ಸರ್ಕಾರ ಸಾಂಕ್ರಾಮಿಕವೆಂದು ಘೋಷಿಸಿದ ಡೆಂಗಿಗೂ ವಾಹಕ ಇದೇ.

ಈಡಿಸ್ ಮೊಟ್ಟೆ ಸೊಳ್ಳೆಯಾಗಲು ಬೆಚ್ಚನೆಯ ನೀರಿನಲ್ಲಿ ಸುಮಾರು ಒಂದು ವಾರ ಸಾಕು. ದೊಡ್ಡ ತೊಟ್ಟಿಗೆ ಇಂದಿಗೂ ಗಪ್ಪಿ ಬಿಡಬಹುದು. ಡ್ರಮ್ಮು, ಬಿಂದಿಗೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ, ಒಳಗೋಡೆಗೆ ಅಂಟಿದ ಮೊಟ್ಟೆ ಹೋಗುವಂತೆ ತಿಕ್ಕಿ, ಒಣಗಿಸಿ ಮುಚ್ಚಬೇಕು. ಬಾವಿಯಲ್ಲಿ ಮೀನು ಮಾಡುತ್ತಿದ್ದ ಕೆಲಸ ಈಗ ಮನೆಯವರ ಕೈಗೆ ಬಂದಿದೆ.