ಕಾರು ಮಾರಿದ್ದೀರಿ, ಹೆಸರು ಬದಲಾಯಿತಾ?

ನಾಲ್ಕು ಜನ ಸೇರಿದರೆ ಸಾಕು, ಮಾತು ಕಾರಿನ ಕಡೆಗೆ ತಿರುಗುತ್ತದೆ. ಮೈಲೇಜ್ ಎಷ್ಟು, ಹಳೇ ಕಾರಿಗೆ ರೇಟ್ ಎಷ್ಟು ಅಂತ ಗಂಟೆಗಟ್ಟಲೆ ಚರ್ಚೆ. ಆರ್‌ಸಿ ಯಾರ ಹೆಸರಲ್ಲಿದೆ ಅಂತ ಕೇಳುವವರು ಕಡಿಮೆ.

ಮಂಗಳೂರಿನ ಕೆಎ 19 ಕಾರೊಂದು ಗದಗ-ಬೆಟಗೇರಿಗೆ ಮಾರಾಟವಾಯಿತು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಕೈ ಬದಲಾಗುತ್ತಾ ಹೋಗುತ್ತದೆ. ಕೆಎ 26 ಊರಲ್ಲಿ ಕೆಎ 19 ನಂಬರ್ ಓಡಿದರೆ ತಪ್ಪೇನಿಲ್ಲ, ಒಂದೇ ರಾಜ್ಯ. ಆದರೆ ಆರ್‌ಸಿಯಲ್ಲಿ ಹಳೇ ಮಾಲಕರ ಹೆಸರೇ ಉಳಿದಿದ್ದು, ಅಲ್ಲಿ ಅಪಘಾತವಾದರೆ ನೋಟಿಸ್ ಬರುವುದು ಮಂಗಳೂರಿನ ಮನೆಗೆ. ಹೀಗೆ ಹಲವು ಕೈ ದಾಟಿದ ಕಾರಿನ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.

ಮಾರಿದವರು 14 ದಿನದೊಳಗೆ ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಫಾರಂ 30 ಕೊಡಬೇಕು. ವಿಮೆಯಲ್ಲಿ ಹೆಸರು ಬದಲಿಸಲು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. ಸಾಲದ ಕಾರಾದರೆ ಬ್ಯಾಂಕಿನ ಎನ್‌ಒಸಿಯೂ ಬೇಕು.

"ನಮ್ಮವರೇ ಅಲ್ವಾ, ಆಮೇಲೆ ನೋಡುವ" ಎನ್ನುವುದರಲ್ಲೇ ವರ್ಷ ಕಳೆಯುತ್ತದೆ. ಕೀ ಕೊಡುವ ದಿನವೇ ಫಾರಂಗಳಿಗೆ ಇಬ್ಬರೂ ಸಹಿ ಹಾಕಿ. ಹೆಸರು ಬದಲಾದ ಆರ್‌ಸಿ ಕಣ್ಣಾರೆ ನೋಡಿದ ಮೇಲೆಯೇ ಕಾರು ಮಾರಿ ಆಯಿತು ಅನ್ನಿ.