ಸೊಂಟದ ಮೂಳೆ ಮುರಿದಾಗ ನೋವು ತಗ್ಗಿಸುವ ನರದ ಇಂಜೆಕ್ಷನ್

ಫಜ್ರ್ ನಮಾಝ್‌ಗೆಂದು ಎದ್ದ ಅಜ್ಜಿ ವುಝೂ ಮಾಡಲು ಹೋಗಿ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಏಳಲಾಗುವುದಿಲ್ಲ. ಒಂದು ಕಾಲು ಗಿಡ್ಡವಾದಂತೆ ಕಾಣುತ್ತದೆ, ಪಾದ ಹೊರಕ್ಕೆ ವಾಲಿರುತ್ತದೆ. ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದಿರುವುದರ ಲಕ್ಷಣವಿದು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದರೆ ರಕ್ತ, ಹೃದಯದ ಪರೀಕ್ಷೆಗಳೆಲ್ಲ ಮುಗಿಯಲು ಒಂದೆರಡು ದಿನ ಹಿಡಿಯಬಹುದು. ಅಷ್ಟು ಹೊತ್ತು ನೋವಿನ ಗತಿಯೇನು?

'ಸ್ವಲ್ಪ ಸಹಿಸಿಕೊಳ್ಳಿ' ಎಂದು ಹಿರಿಯರಿಗೆ ಹೇಳಿ ಸುಮ್ಮನಾಗಬೇಡಿ. ತೀವ್ರ ನೋವಿದ್ದರೆ ಅವರು ನಿದ್ರಿಸುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತದೆ. ಮನೆಯವರನ್ನೇ ಗುರುತಿಸದಷ್ಟು ಗೊಂದಲವೂ ಉಂಟಾಗಬಹುದು. ಮಾರ್ಫಿನ್‌ನಂತಹ ಬಲವಾದ ಔಷಧಿಗಳಿಂದ ವಾಂತಿ, ಮಲಬದ್ಧತೆ, ಮಂಪರು ಬರುವುದುಂಟು. ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ವೃದ್ಧರ ಮೂತ್ರಪಿಂಡ ಮತ್ತು ಹೊಟ್ಟೆಗೆ ತೊಂದರೆ ಕೊಡಬಹುದು.

ಇಲ್ಲಿ ನೆರವಾಗುವುದು ನರದ ಬ್ಲಾಕ್. ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಾ, ತೊಡೆಸಂದಿನ ಬಳಿ ಹಾದುಹೋಗುವ ನರದ ಸುತ್ತ ಮರಗಟ್ಟಿಸುವ ಔಷಧಿ ತುಂಬುತ್ತಾರೆ. ನೋವಿನ ಸಂದೇಶ ಮೆದುಳಿಗೆ ತಲುಪದಂತೆ ಅದು ದಾರಿಯಲ್ಲೇ ತಡೆಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಆರಾಮ ಸಿಗುತ್ತದೆ. ಔಷಧಿಗೆ ತಕ್ಕಂತೆ ಹಲವು ಗಂಟೆ ಉಳಿಯುತ್ತದೆ. ನೋವು ಪೂರ್ತಿ ಹೋಗದಿರಬಹುದು, ಏಕೆಂದರೆ ಸೊಂಟದ ಕೀಲಿಗೆ ಬೇರೆ ನರಗಳೂ ಇವೆ. ಆದ್ದರಿಂದ ಜೊತೆಗೆ ಪ್ಯಾರಾಸಿಟಮಾಲ್ ಕೊಡುತ್ತಾರೆ. ಆದರೂ ಬಲವಾದ ಔಷಧಿಗಳ ಅಗತ್ಯ ಕಡಿಮೆಯಾಗುತ್ತದೆ.

ಇದು ಬೆನ್ನಿಗೆ ಕೊಡುವ ಇಂಜೆಕ್ಷನ್ ಅಲ್ಲ. ಎಚ್ಚರವೂ ತಪ್ಪುವುದಿಲ್ಲ, ಅಜ್ಜಿ ನಿಮ್ಮೊಂದಿಗೆ ಮಾತನಾಡುತ್ತಲೇ ಇರಬಹುದು. ಕಾಲು ಬಲಹೀನವಾಗುವುದು ತಾತ್ಕಾಲಿಕ. ನರಕ್ಕೆ ಶಾಶ್ವತ ಹಾನಿ ಬಹಳ ಅಪರೂಪ. ತೊಡೆಸಂದಿನ ಇಂಜೆಕ್ಷನ್ ಎಂದು ಅವರು ನಾಚಿಕೊಂಡು ಬೇಡವೆನ್ನಬಹುದು. ಚುಚ್ಚುವ ಜಾಗವನ್ನಷ್ಟೇ ತೆರೆದು ಉಳಿದದ್ದನ್ನು ಬಟ್ಟೆಯಿಂದ ಮುಚ್ಚುವಂತೆ, ಸಾಧ್ಯವಿದ್ದರೆ ಮಹಿಳಾ ಸಿಬ್ಬಂದಿ ಜೊತೆಗಿರುವಂತೆ ಕೇಳಿಕೊಳ್ಳಿ.

ವೈದ್ಯರಿಗೆ ಮೊದಲೇ ತಿಳಿಸಬೇಕಾದದ್ದು:
● ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ
● ಹಿಂದೆ ಯಾವುದೇ ಔಷಧಿ ಅಥವಾ ಇಂಜೆಕ್ಷನ್‌ನಿಂದ ಅಲರ್ಜಿಯಾಗಿದ್ದರೆ
● ಸಕ್ಕರೆ ಕಾಯಿಲೆಯಿಂದ ಕಾಲು ಮೊದಲೇ ಜೋಮು ಹಿಡಿಯುತ್ತಿದ್ದರೆ
● ತೊಡೆಸಂದಿನಲ್ಲಿ ಹುಣ್ಣು, ಸೋಂಕು ಇದ್ದರೆ

ಇಂಜೆಕ್ಷನ್ ಕೊಡುವಾಗ ಅಥವಾ ಆಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು, ಬಾಯಲ್ಲಿ ಲೋಹದ ರುಚಿ, ತುಟಿ ಮರಗಟ್ಟುವುದು, ತಲೆ ಸುತ್ತುವುದು ಕಂಡರೆ ತಕ್ಷಣ ಹೇಳಬೇಕು. ಔಷಧಿ ರಕ್ತದಲ್ಲಿ ಹೆಚ್ಚಾಗಿರುವುದರ ಸೂಚನೆಗಳಿವು. ಅಪರೂಪವಾದರೂ ಅಪಾಯಕಾರಿ.

ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಹಿಮ್ಮಡಿ ಒಂದೇ ಕಡೆ ಒತ್ತಿ ಹುಣ್ಣಾಗದಂತೆ ನೋಡಿಕೊಳ್ಳಿ. ನೋವಿಲ್ಲವೆಂದು ಎದ್ದು ನಿಲ್ಲಿಸಬೇಡಿ, ಮುರಿದ ಮೂಳೆ ಹಾಗೆಯೇ ಇದೆ. ಮರಗಟ್ಟಿದ್ದು ಬಿಡುವಾಗ ನೋವು ಒಮ್ಮೆಲೇ ಮರಳಬಹುದು. ಆದ್ದರಿಂದ ಮುಂದಿನ ನೋವಿನ ಔಷಧಿ ಯಾವಾಗ ಎಂದು ಮೊದಲೇ ವಿಚಾರಿಸಿ.

ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರಲಿಕ್ಕಿಲ್ಲ, ಎಲ್ಲ ರೋಗಿಗಳಿಗೂ ಹೊಂದಲಿಕ್ಕಿಲ್ಲ. ಆದರೆ 'ಇವರಿಗೆ ನರದ ಬ್ಲಾಕ್ ಕೊಡಬಹುದೇ, ಡಾಕ್ಟರ್?' ಎಂದು ಕೇಳಲು ಹಿಂಜರಿಯಬೇಡಿ. ಅಜ್ಜಿ ತಾವಾಗಿ ಕೇಳಲಾರರು. ಅವರ ಪರವಾಗಿ ನೀವೇ ಕೇಳಬೇಕು.